ಕಾಫಿ ಕಣದಲ್ಲಿ ಕೂತು ಗುರುವಿನ ಅರೋರಾ ಕೇಳಿದ್ದು

ಗುರು ಗ್ರಹದ ಅರೋರಾ, ಅಂದರೆ ಧ್ರುವದ ಹತ್ತಿರ ಆಕಾಶದಲ್ಲಿ ಮೂಡುವ ಬೆಳಕು, ನೋಡಬೇಕಾದರೆ ಬಾಹ್ಯಾಕಾಶದಲ್ಲಿರುವ ಹಬಲ್ ದೂರದರ್ಶಕ ಬೇಕು, ಇಲ್ಲವೇ ಬೆಟ್ಟದ ಮೇಲಿನ ದೊಡ್ಡ ಇನ್‌ಫ್ರಾರೆಡ್ ದೂರದರ್ಶಕ ಬೇಕು. ಕೇಳುವುದಕ್ಕೆ ಅಷ್ಟೆಲ್ಲ ಬೇಡ. ಹಾಸನ ಜಿಲ್ಲೆಯ ಆಲೂರು ಕಡೆಯ ನಮ್ಮ ತೋಟದಲ್ಲಿ ಎರಡು ತಂತಿ ಕಟ್ಟಿ ನಾನು ಕೇಳುತ್ತಿದ್ದೇನೆ. ಹೇಗೆ ಮಾಡಿದೆ ಅಂತ ತುಂಬಾ ಜನ ಕೇಳುತ್ತಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಗುರುವಿನ ಧ್ರುವದ ಹತ್ತಿರ ಕಾಂತರೇಖೆಗಳ ಸುತ್ತ ಎಲೆಕ್ಟ್ರಾನ್‌ಗಳು ಗಿರಗಿರ ಸುತ್ತುತ್ತವೆ. ಗಾಳಿಗೆ ಬಡಿದವು ಬೆಳಕು ಕೊಡುತ್ತವೆ, ಮೇಲೆ ಸುತ್ತುತ್ತಿರುವವು ರೇಡಿಯೊ ಅಲೆ ಕೊಡುತ್ತವೆ. 1 ಗಾಸ್ ಕಾಂತಬಲ ಇದ್ದಲ್ಲಿ ಅಲೆ ಹುಟ್ಟುವುದು 2.8 ಮೆಗಾಹರ್ಟ್ಸ್‌ನಲ್ಲಿ. ನಾನು ಕೇಳುವುದು 20.1 ಮೆಗಾಹರ್ಟ್ಸ್. ಅಂದರೆ ಕಾಂತಬಲ ಸುಮಾರು 7.2 ಗಾಸ್ ಇರುವ ಜಾಗದ ಸದ್ದು ಅದು. ಭೂಮಿಯ ಕಾಂತಬಲ 1 ಗಾಸ್ ಕೂಡ ಇಲ್ಲ. ಶನಿಯದೂ ಕಡಿಮೆಯೇ. ಹಾಗಾಗಿ ಅವುಗಳ ಅರೋರಾ ಸದ್ದಿನ ಮೆಗಾಹರ್ಟ್ಸ್ ತೀರಾ ಕಡಿಮೆ, ಅದು ನಮ್ಮ ಅಯಾನುಗೋಳ (ವಾತಾವರಣದ ಮೇಲಿನ ವಿದ್ಯುತ್ ಕಣಗಳ ಪದರ) ದಾಟಿ ನೆಲಕ್ಕೆ ಇಳಿಯುವುದಿಲ್ಲ. ಗುರುವಿನದು ಇಳಿಯುತ್ತದೆ. 1955ರಲ್ಲಿ ಬರ್ಕ್ ಮತ್ತು ಫ್ರ್ಯಾಂಕ್ಲಿನ್ ಅನ್ನುವ ವಿಜ್ಞಾನಿಗಳು ಅಮೆರಿಕದಲ್ಲಿ ಬೇರೇನೋ ಹುಡುಕುವಾಗ ಇದು ಸಿಕ್ಕಿತು.

ಆಂಟೆನಾ ಕಷ್ಟದ್ದಲ್ಲ. ಮನೆ ವೈರಿಂಗಿನ ತಾಮ್ರದ ವೈರು, ಒಂದೊಂದು 23 ಅಡಿ 3 ಇಂಚು, ನಡುವೆ ಕತ್ತರಿಸಿ ಪಿವಿಸಿ ತುಂಡಿಗೆ ಕಟ್ಟಿದ್ದು. ಅಂಥವು ಎರಡು, 20 ಅಡಿ ಅಂತರದಲ್ಲಿ, ಪೂರ್ವ-ಪಶ್ಚಿಮವಾಗಿ, ಬಿದಿರು ಗಳದ ಮೇಲೆ. ಎರಡನ್ನೂ ಕೂಡಿಸಲು ಕೇಬಲ್ ಟಿವಿಯವರ ಸ್ಪ್ಲಿಟರನ್ನೇ ಉಲ್ಟಾ ಹಾಕಿದೆ. ಅಲ್ಲಿಂದ ಯುಎಸ್‌ಬಿ ರಿಸೀವರ್, ಲ್ಯಾಪ್‌ಟಾಪ್. ನಾಸಾದ ರೇಡಿಯೊ ಜೋವ್ ಯೋಜನೆಯವರ ನಕ್ಷೆ ಇದು. ಅಮೆರಿಕದಲ್ಲಿ ಗುರು ದಕ್ಷಿಣಕ್ಕೆ ವಾಲಿರುತ್ತಾನೆ, ಅದಕ್ಕೆ ಅವರು ಒಂದು ತಂತಿಗೆ ಹೆಚ್ಚುವರಿ ಕೇಬಲ್ ಹಾಕಿ ದಿಕ್ಕು ತಿರುಗಿಸುತ್ತಾರೆ. ಹಾಸನ ಇರುವುದು 13 ಡಿಗ್ರಿ ಅಕ್ಷಾಂಶದಲ್ಲಿ. 2026ರ ಜನವರಿಯಲ್ಲಿ ಗುರು ನಮ್ಮ ನೆತ್ತಿಯಿಂದ ಬರೀ 9 ಡಿಗ್ರಿ ಉತ್ತರಕ್ಕಿದ್ದ. ಆ ಕೇಬಲ್ ಇಲ್ಲಿ ಬೇಕಾಗಲೇ ಇಲ್ಲ.

ಜನವರಿ ಅಂದರೆ ಕೊಯ್ಲು. ಕಣದ ತುಂಬಾ ಕಾಫಿ ಹರಡಿರುತ್ತದೆ. ಗಳಗಳನ್ನು ಕಣದ ಅಂಚಿಗೇ ನೆಟ್ಟಿದ್ದರಿಂದ ಯಾರ ಕೆಲಸಕ್ಕೂ ಅಡ್ಡಿ ಆಗಲಿಲ್ಲ. ನಿಜವಾದ ತಲೆನೋವು ಆನೆ ಬೇಲಿ. ಸೋಲಾರ್ ಬೇಲಿ ಸುಮಾರು ಸೆಕೆಂಡಿಗೊಂದು ಸಲ ಕರೆಂಟು ಹೊಡೆಯುತ್ತದೆ, ಹೊಡೆದಾಗಲೆಲ್ಲ ರಿಸೀವರಿನಲ್ಲಿ ಟಕ್ ಅನ್ನುತ್ತದೆ. ಮಧ್ಯರಾತ್ರಿ ಮೇಲೆ ಎರಡು ಗಂಟೆ ಆಫ್ ಮಾಡಬಹುದಾ ಅಂತ ಚಿಕ್ಕಪ್ಪನ ಹತ್ತಿರ ಕೇಳಿದೆ. "ಆಗಲ್ಲ ಮಗ, ಗುಂಪು ಇಲ್ಲೇ ಕೆರೆ ಹಿಂದೆ ಇದೆ" ಅಂದರು. ಅವರು ಹೇಳಿದ್ದು ಸರಿಯೇ. ಆಮೇಲೆ ಒಂದು ಸಣ್ಣ ಎಎಂ ರೇಡಿಯೊ ಹಿಡಿದು ಬೇಲಿ ಉದ್ದಕ್ಕೂ ನಡೆದೆ. ಸದ್ದು ಎಲ್ಲಾ ಕಡೆ ಒಂದೇ ಸಮ ಇರಲಿಲ್ಲ. ಬಳ್ಳಿ ತಂತಿಗೆ ತಾಗಿದ ಕಡೆ, ಜಾಯಿಂಟು ಸಡಿಲವಾದ ಕಡೆ ಜೋರಾಗಿತ್ತು. ಕತ್ತಲಲ್ಲಿ ಬಗ್ಗಿ ನೋಡಿದರೆ ಅಲ್ಲಿ ನೀಲಿ ಕಿಡಿ ಹಾರುತ್ತಿತ್ತು. ಬಳ್ಳಿ ಸವರಿ, ಜಾಯಿಂಟು ಬಿಗಿ ಮಾಡಿದ ಮೇಲೆ ಟಕ್ ಸದ್ದು ತುಂಬಾ ಕಡಿಮೆಯಾಯಿತು. ಬೇಲಿಗೂ ಅದರಿಂದ ಒಳ್ಳೆಯದಾಯಿತು, ಕರೆಂಟು ಕೊನೆವರೆಗೂ ಗಟ್ಟಿಯಾಗಿ ಹೋಗುತ್ತಿದೆ.

ಗುರುವಿನ ಸದ್ದಿಗೆ ಅಂಥ ತಾಳ ಇಲ್ಲ. ಒಂದು ಬಗೆ ನಿಧಾನಕ್ಕೆ ಏರಿ ಇಳಿಯುವ ಮೊರೆತ. ಇನ್ನೊಂದು, ತಗಡಿನ ಶೀಟಿನ ಮೇಲೆ ಒಂದು ಹಿಡಿ ಜಲ್ಲಿ ಎರಚಿದ ಹಾಗೆ ಚಟಪಟ. ಗುರು ಹತ್ತಿರ ಇರುವಾಗಲೂ ಈ ಸದ್ದು ನಮ್ಮನ್ನು ಮುಟ್ಟಲು ಸುಮಾರು 35 ನಿಮಿಷ ಬೇಕು.

ಇಷ್ಟೆಲ್ಲ ಮಾಡಿದ್ದು ಸುಮ್ನೆ ಸದ್ದು ಕೇಳಲಿಕ್ಕಲ್ಲ. ಇದರಲ್ಲಿ ಸೂರ್ಯನ ಪಾಲು ಎಷ್ಟು, ಗುರುವಿನದೇ ಎಷ್ಟು ಅನ್ನುವುದು ನನ್ನ ಪ್ರಶ್ನೆ. ಭೂಮಿಯಲ್ಲಿ ಅರೋರಾ ನಡೆಯುವುದು ಸೌರ ಮಾರುತದ, ಅಂದರೆ ಸೂರ್ಯನಿಂದ ಸದಾ ಹೊರಗೆ ಹರಿಯುವ ವಿದ್ಯುತ್ ಕಣಗಳ, ಜೋರಿನಲ್ಲಿ. ಅದರ ಕಾಂತಕ್ಷೇತ್ರ ದಕ್ಷಿಣಕ್ಕೆ ತಿರುಗಿದರೆ ನಮ್ಮ ಕಾಂತರೇಖೆಗಳ ಜೊತೆ ಬೆಸೆದುಕೊಂಡು, ಅದರ ಶಕ್ತಿ ಒಳಗೆ ಬರಲು ಬಾಗಿಲು ತೆರೆಯುತ್ತದೆ. ಗುರುವಿನಲ್ಲಿ ಮನೆಯೊಳಗಿನ ಶಕ್ತಿಯೇ ಜಾಸ್ತಿ. ಅಯೋ ಉಪಗ್ರಹದಿಂದ ಸೆಕೆಂಡಿಗೆ ಸುಮಾರು ಒಂದು ಟನ್ ವಸ್ತು ಹೊರಗೆ ಬರುತ್ತದೆ. 10 ಗಂಟೆಯೊಳಗೆ ಒಂದು ಸುತ್ತು ಮುಗಿಸುವ ಗುರು ಅದನ್ನೂ ಎಳೆದುಕೊಂಡು ತಿರುಗುತ್ತದೆ. ಹೊರಗೆ ಹರಡಿದಷ್ಟೂ ಅದು ಹಿಂದೆ ಬೀಳುತ್ತದೆ. ಆ ಎಳೆದಾಟದಲ್ಲಿ ಹರಿಯುವ ವಿದ್ಯುತ್ತೇ ಅರೋರಾದ ಮುಖ್ಯ ಉಂಗುರ ಬೆಳಗುತ್ತದೆ ಅನ್ನುವುದು ಬಹುಕಾಲದ ವಿವರಣೆ. ಸೌರ ಮಾರುತ ಅಲ್ಲಿಗೆ ಮುಟ್ಟುವಾಗ ಒತ್ತಡ ಭೂಮಿಯ ಹತ್ತಿರ ಇದ್ದುದರ 27ನೇ ಒಂದು ಪಾಲು. ಅದರ ಕಾಂತಕ್ಷೇತ್ರವೂ ಸೂರ್ಯನ ತಿರುಗುವಿಕೆಯಿಂದ ಸುರುಳಿಯಾಗಿ, ಅಲ್ಲಿ ಬಹುಪಾಲು ಅಡ್ಡವಾಗಿರುತ್ತದೆ. ಗುರುವಿನ ಕಾಂತಧ್ರುವಗಳೂ ನಮ್ಮವಕ್ಕೆ ಉಲ್ಟಾ. ಅಲ್ಲಿ ಬಾಗಿಲು ತೆರೆಯುವುದು ಕ್ಷೇತ್ರ ಉತ್ತರಕ್ಕೆ ತಿರುಗಿದಾಗ.

ಎರಡನ್ನೂ ಬೇರೆ ಮಾಡಲು ನಾನು ಹಿಡಿದ ದಾರಿ ಇದು. 1964ರಲ್ಲಿ ಆಸ್ಟ್ರೇಲಿಯಾದ ಬಿಗ್ ಅನ್ನುವವರು ತೋರಿಸಿದಂತೆ, ಅಯೋ ತನ್ನ ಕಕ್ಷೆಯಲ್ಲಿ ಸುಮಾರು 90 ಅಥವಾ 240 ಡಿಗ್ರಿಯಲ್ಲಿರುವಾಗ (ಗುರುವಿನ ಹಿಂದೆ ಮರೆಯಾಗುವ ಜಾಗದಿಂದ ಎಣಿಸಿದರೆ) ಸದ್ದು ಜೋರು. ಆ ಹೊತ್ತಿನ ಸದ್ದೆಲ್ಲ ಅಯೋ ಲೆಕ್ಕಕ್ಕೆ. ಉಳಿದದ್ದನ್ನು ಬೇರೆ ಬರೆದಿಟ್ಟೆ. ಇನ್ನೊಂದು ಕಡೆ ಏಸ್ ಮತ್ತು ಆದಿತ್ಯ-ಎಲ್1 ನೌಕೆಗಳು ಅಳೆಯುವ ಸೌರ ಮಾರುತದ ವೇಗ ನೋಡಿದೆ. ಸೂರ್ಯ, ಭೂಮಿ, ಗುರು ಹೆಚ್ಚುಕಡಿಮೆ ಒಂದೇ ಸಾಲಿನಲ್ಲಿರುವ ವಾರಗಳಲ್ಲಿ ಮಾತ್ರ ಈ ಲೆಕ್ಕ ನಡೆಯುತ್ತದೆ. ನಮ್ಮನ್ನು ದಾಟಿದ ಸೌರ ಮಾರುತದ ಅಲೆ ಗುರುವನ್ನು ಮುಟ್ಟಲು ಇನ್ನೂ 63 ಕೋಟಿ ಕಿಲೋಮೀಟರ್ ಹೋಗಬೇಕು. ಸೆಕೆಂಡಿಗೆ 400 ಕಿ.ಮೀ. ಆದರೆ 18 ದಿನ, 450 ಆದರೆ 16 ದಿನ. ಆ ದಿನಗಳನ್ನು ಗುರುತು ಹಾಕಿ ಕಾದೆ. ಅಯೋ ಸಂಬಂಧವಿಲ್ಲದ ಸದ್ದು ನನ್ನ ಪುಸ್ತಕದಲ್ಲಿ ಆ ದಿನಗಳ ಆಸುಪಾಸಿನಲ್ಲೇ ಜಾಸ್ತಿ ಕಾಣುತ್ತಿದೆ. ವಿಜ್ಞಾನಿಗಳ ದೊಡ್ಡ ದಾಖಲೆಗಳಲ್ಲೂ ಇದೇ ಒಲವಿದೆ. ಇದನ್ನು ನನ್ನ ಕೈಬರಹದಲ್ಲೇ ಕಂಡಾಗ ಆದ ಖುಷಿ ಹೇಳತೀರದು.

ಹೀಗೆ ಎಣಿಸಿ ಹೇಳಬಹುದಾದದ್ದು ಅಲೆಯ ಹೊಡೆತವನ್ನಷ್ಟೇ, ಕಾಂತಕ್ಷೇತ್ರದ ದಿಕ್ಕನ್ನಲ್ಲ. ಅದು ದಾರಿಯಲ್ಲಿ ಗಂಟೆಗೊಂದು ಸಲ ಬದಲಾದೀತು. ದಿಕ್ಕು ಬೇಕಾದರೆ ಗ್ರಹದ ಬಾಗಿಲಲ್ಲೇ ಒಂದು ನೌಕೆ ಇರಬೇಕು. 2004ರ ಜನವರಿಯಲ್ಲಿ ಶನಿಯತ್ತ ಹೋಗುತ್ತಿದ್ದ ಕ್ಯಾಸಿನಿ ಸೌರ ಮಾರುತ ಅಳೆಯಿತು, ಹಬಲ್ ಶನಿಯ ಅರೋರಾ ನೋಡಿತು. ಹೊಡೆತ ಬಿದ್ದಾಗ ಅರೋರಾ ಝಗ್ಗನೆ ಬೆಳಗಿತು. 2016ರಲ್ಲಿ ಜೂನೊ ಗುರುವನ್ನು ಮುಟ್ಟುವ ಮೊದಲು ಹಬಲ್ ಜೊತೆ ಇಂಥದ್ದೇ ಕೆಲಸ ಮಾಡಿತು.

2027ರ ಫೆಬ್ರುವರಿಯಲ್ಲಿ ಗುರು ಮತ್ತೆ ಆಕಾಶದಲ್ಲಿ ಸೂರ್ಯನ ಎದುರು ದಿಕ್ಕಿಗೆ ಬರುತ್ತಾನೆ. ಆಗ ಹಾಸನ, ಚಿಕ್ಕಮಗಳೂರಿನವರಿಗೆ ಅವನು ಹೆಚ್ಚುಕಡಿಮೆ ನೆತ್ತಿಯ ಮೇಲೆಯೇ. ಸೂರ್ಯನ ಅಬ್ಬರವೂ ಇಳಿಯುತ್ತಿರುತ್ತದೆ, ರಾತ್ರಿಯ ಅಯಾನುಗೋಳ ತೆಳುವಾಗುತ್ತದೆ. ತಂತಿ ಕಟ್ಟುವವರು ಡಿಸೆಂಬರಿನಲ್ಲೇ ಕಟ್ಟಿ. ಮಧ್ಯರಾತ್ರಿ ಮೇಲೆ ಕೇಳಿ, ಲ್ಯಾಪ್‌ಟಾಪನ್ನು ಬ್ಯಾಟರಿಯಲ್ಲಿ ಇಡಿ, ಯುಪಿಎಸ್ ಆಫ್ ಮಾಡಿ.