ಗುಡ್ಡೆಯ ಹಳದಿ ಹೂವು: ಹೆಸರು ಹೇಳುವ ಮೊದಲು ಕಾಯಿ ನೋಡಿ

ಮಳೆಯ ಅಬ್ಬರ ಇಳಿದ ಮೇಲೆ ಕಾಸರಗೋಡಿನ ಮಂಜೇಶ್ವರ, ಕುಂಬಳೆ, ಬದಿಯಡ್ಕ ಕಡೆಯ ಮುರಕಲ್ಲಿನ ಗುಡ್ಡೆಗಳಲ್ಲಿ, ಮಾರ್ಗದ ಬದಿಯಲ್ಲಿ ಹಳದಿ ಹೂವಿನ ಗಿಡಗಳು ಧಾರಾಳ. ಅವುಗಳಲ್ಲಿ ಹಲವು ಅಲಸಂಡೆಯ ಕುಟುಂಬಕ್ಕೆ ಸೇರಿದವು. ಹೂವಿನ ಫೋಟೋ ಒಂದನ್ನೇ ತೆಗೆದು ವಾಟ್ಸಾಪ್ ಗುಂಪಿಗೆ ಹಾಕಿದರೆ ಬಾಯಿಗೊಂದು ಹೆಸರು ಬರುತ್ತದೆ. ಇಲ್ಲಿ ಬಣ್ಣವನ್ನು ನಂಬಿ ಪ್ರಯೋಜನವಿಲ್ಲ. ಎಲೆ ಮತ್ತು ಕಾಯಿಯನ್ನು ಕೇಳಬೇಕು.

ಆದರೂ ಆರಂಭ ಹೂವಿನಿಂದಲೇ. ಹಿಂದೆ ನೆಟ್ಟಗೆ ನಿಂತ ಒಂದು ದೊಡ್ಡ ಎಸಳು, ಅಕ್ಕಪಕ್ಕ ಎರಡು, ಕೆಳಗೆ ಎರಡು ಕೂಡಿ ದೋಣಿಯಂತಾಗಿದ್ದರೆ ಅದು ಅಲಸಂಡೆ ಹೂವಿನ ಜಾತಿ. ಐದೂ ಎಸಳು ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿ ಬಿಚ್ಚಿಕೊಂಡಿದ್ದರೆ ತಗತೆಯ ಬಳಗ. ಎರಡೂ ಒಂದೇ ಕುಟುಂಬದವು, ಮುಂದಿನ ದಾರಿ ಮಾತ್ರ ಬೇರೆ.

ತಗತೆಯ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಅದು ಹೊಟ್ಟೆಗೆ ಹೋಗುವ ಸೊಪ್ಪು. ತುಳುವಿನ ತಜಂಕ್, ಮಲಯಾಳದ ತಗರ, ಸಸ್ಯಶಾಸ್ತ್ರದ ಸೆನ್ನಾ ಟೋರಾ ಇದೇ. ಮಳೆಗಾಲದ ಆಟಿ ತಿಂಗಳಲ್ಲಿ ಚಿಗುರು ಚಿವುಟುವಾಗ ಹೂವು ಇರುವುದಿಲ್ಲ, ಎಲೆಯೇ ಗತಿ. ತಗತೆಯ ಒಂದು ಎಲೆಯಲ್ಲಿ ಸಾಮಾನ್ಯವಾಗಿ ಮೂರು ಜೊತೆ ಕಿರುಎಲೆಗಳು, ತುದಿ ಅಗಲ ಮತ್ತು ದುಂಡಗೆ. ಕೆಳಗಿನ ಜೊತೆಯ ನಡುವೆ ಸಣ್ಣ ಮೊಳೆಯಂಥ ಗ್ರಂಥಿ ಕಾಣುತ್ತದೆ. ಮಲಯಾಳದಲ್ಲಿ ಪೊನ್ನಾವೀರಂ ಎನ್ನುವ ಸೆನ್ನಾ ಆಕ್ಸಿಡೆಂಟಾಲಿಸ್‌ನಲ್ಲಿ ಕಿರುಎಲೆಗಳು ನಾಲ್ಕರಿಂದ ಆರು ಜೊತೆ, ತುದಿ ಚೂಪು. ಗ್ರಂಥಿ ಎಲೆತೊಟ್ಟಿನ ಬುಡದಲ್ಲಿ. ಹಿಸುಕಿದರೆ ಕೆಟ್ಟ ವಾಸನೆ. ಉತ್ತರ ಪ್ರದೇಶದ ಪಶ್ಚಿಮ ಭಾಗದಲ್ಲಿ ಮಕ್ಕಳ ಸಾವಿಗೂ ಇದರ ಬೀಜಕ್ಕೂ ಇರುವ ನಂಟನ್ನು ವೈದ್ಯರು ಗುರುತಿಸಿದ್ದಾರೆ. ಅನುಮಾನ ಬಂದ ಸೊಪ್ಪನ್ನು ಬುಟ್ಟಿಗೆ ಹಾಕಬೇಡಿ.

ಹೂವು ಅಲಸಂಡೆಯಂತಿದ್ದರೆ ಕಾಯಿ ಹುಡುಕಿ. ಗಾಳಿ ತುಂಬಿದಂತೆ ಉಬ್ಬಿದ್ದು, ಒಣಗಿದ್ದನ್ನು ಅಲ್ಲಾಡಿಸಿದರೆ ಬೀಜ ಗಿಲಿಗಿಲಿ ಎಂದರೆ ಅದು ಕ್ರೊಟಲೇರಿಯಾ. ನಮ್ಮ ಗಿಜಿಗಿಜಿ ಗಿಡ, ಮಲಯಾಳದ ಕಿಲುಕ್ಕಿ. ಇನ್ನು ಎಲೆ. ಒಂದು ತೊಟ್ಟಿಗೆ ಮೂರು ಕಿರುಎಲೆಗಳಿದ್ದು, ಹೂವಿನಲ್ಲಿ ಕೆಂಗಂದು ಗೆರೆಗಳಿದ್ದು, ಕಾಯಿಗಳು ಗೊಂಚಲಲ್ಲಿ ಕೆಳಮುಖವಾಗಿ ಜೋತಿದ್ದರೆ ಕ್ರೊಟಲೇರಿಯಾ ಪ್ಯಾಲಿಡಾ. ಎಲೆ ಒಂಟಿಯಾಗಿದ್ದು, ತುದಿಯಲ್ಲಿ ಸಣ್ಣ ಕಚ್ಚು ಇದ್ದರೆ ಕ್ರೊಟಲೇರಿಯಾ ರೆಟ್ಯೂಸಾ. ಒಂಟಿ ಎಲೆ ನೀಳವಾಗಿದ್ದು, ಕಾಯಿಯ ಮೇಲೆ ಮಕಮಲ್ಲಿನಂಥ ರೋಮವಿದ್ದರೆ ಹಸಿರೆಲೆ ಗೊಬ್ಬರಕ್ಕೆ ಬಿತ್ತುವ ಸೆಣಬು ಇರಬಹುದು.

ಕಾಯಿ ಇನ್ನೂ ಬಂದಿಲ್ಲವೇ? ಕ್ರೊಟಲೇರಿಯಾದಲ್ಲಿ ದೋಣಿ ಎಸಳಿನ ತುದಿ ಕೊಕ್ಕಿನಂತೆ ಚಾಚಿರುತ್ತದೆ. ಅದನ್ನು ಸೂಜಿಯಿಂದ ಸೀಳಿ, ಮಸೂರದಲ್ಲಿ ನೋಡಿ. ಹತ್ತು ಕೇಸರಗಳ ಬುಡ ಒಂದಕ್ಕೊಂದು ಅಂಟಿರುತ್ತದೆ; ಪರಾಗದ ಚೀಲಗಳಲ್ಲಿ ಐದು ಉದ್ದ, ಐದು ಗುಂಡು. ಈ ಎರಡು ನಮೂನೆಯ ಚೀಲ ಕಂಡರೆ ಕ್ರೊಟಲೇರಿಯಾ ಎಂಬ ಊಹೆಗೆ ಬಲ ಬರುತ್ತದೆ.

ಕಾಯಿ ಉಬ್ಬದೆ ಗಂಟುಗಂಟಾಗಿದ್ದು, ಎಲೆ ಹುಣಸೆಯ ಎಲೆಯ ಹಾಗಿದ್ದರೆ ಬೇರೆ ಗುಂಪು. ಗದ್ದೆಯ ನೀರಿನಲ್ಲಿ ಎತ್ತರಕ್ಕೆ ಬೆಳೆದಿದ್ದರೆ ಈಸ್ಕೈನೊಮಿನಿ ಇಂಡಿಕಾ ಎಂದು ಶಂಕಿಸಿ. ಗುಡ್ಡೆಯ ತೇವದ ಹುಲ್ಲಿನಲ್ಲಿ ಗಿಡ್ಡಕ್ಕಿದ್ದು, ಕಾಯಿ ಪುಷ್ಪಪಾತ್ರೆಯೊಳಗೇ ಮಡಚಿ ಕುಳಿತಿದ್ದರೆ ಸ್ಮಿಥಿಯಾ.

ಚಿಟ್ಟೆಗಳೂ ಸುಳಿವು ಕೊಡುತ್ತವೆ. ಹೂವನ್ನು ಬಿಟ್ಟು ಕ್ರೊಟಲೇರಿಯಾದ ಒಣ ಎಲೆ, ಕಾಂಡಗಳಿಗೆ ನೀಲಿ ಹುಲಿ ಚಿಟ್ಟೆಗಳು ಮುತ್ತುವುದುಂಟು. ಅವು ಹೀರುವುದು ಗಿಡದ ಕಹಿ ಸಸ್ಯಕ್ಷಾರಗಳನ್ನು (ಆಲ್ಕಲಾಯ್ಡ್). ಆ ಸಸ್ಯಕ್ಷಾರಗಳೇ ದನಕರುಗಳ ಯಕೃತ್ತಿಗೆ ವಿಷ. ಆದ್ದರಿಂದ ಗುರುತಿಸಲು ಕಿತ್ತ ಗಿಡವನ್ನು ಹಟ್ಟಿಯ ಹತ್ತಿರ ಎಸೆಯಬಾರದು, ಕಾಯಿಯನ್ನು ಮಕ್ಕಳ ಕೈಗೆ ಆಟಕ್ಕೆ ಕೊಡಬಾರದು.

ಬಲ್ಲವರಿಗೆ ಫೋಟೋ ಕಳಿಸುವುದಾದರೆ ಇಡೀ ಗಿಡ, ಎಲೆಯ ಎರಡೂ ಮೈ, ಹೂವಿನ ಮುಂಭಾಗ ಮತ್ತು ಪಕ್ಕ, ಕಾಯಿ, ಗಿಡ ನಿಂತ ಜಾಗ ಎಲ್ಲವೂ ಇರಲಿ. ಕಾಯಿಯ ಪಕ್ಕ ಅಳತೆಪಟ್ಟಿ ಇಡಿ. ಸ್ವತಃ ಹುಡುಕುವ ಹಟವಿದ್ದರೆ, 1915ರಿಂದ 1936ರವರೆಗೆ ಕಂತುಗಳಲ್ಲಿ ಬಂದ, ಬ್ರಿಟಿಷ್ ಸಸ್ಯಶಾಸ್ತ್ರಜ್ಞ ಗ್ಯಾಂಬಲ್ ಅವರ ಮದ್ರಾಸ್ ಪ್ರಾಂತದ ಸಸ್ಯಸಂಪುಟ ಈಗಲೂ ಉಪಯೋಗಕ್ಕೆ ಬರುತ್ತದೆ. ಕಾಸರಗೋಡು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು; ಹಾಗಾಗಿ ಅದರಲ್ಲಿ ಆ ಜಿಲ್ಲೆಯ ಹೆಸರಿನಡಿಯೇ ನೋಡಬೇಕು. ತಗತೆ ಅದರಲ್ಲಿ ಸೆನ್ನಾ ಎಂದಲ್ಲ, ಕ್ಯಾಸಿಯಾ ಎಂದು ಸಿಗುತ್ತದೆ.