ಚೌತಿಯ ದಿನ ಹಾವು ಕಚ್ಚಿದಾಗ

ಅಪ್ಪಯ್ಯ ಬಾಳೆಎಲೆ ಕೊಯ್ಯಲು ತೋಟಕ್ಕೆ ಇಳಿದಾಗ ಬೆಳಿಗ್ಗೆ ಎಂಟು ಗಂಟೆ. ಸೋನೆಮಳೆ ಹಿಡಿದಿತ್ತು. ದರಕಿನ, ಅಂದರೆ ಒಣ ಎಲೆಯ, ರಾಶಿಯ ಪಕ್ಕ ಕಾಲಿಟ್ಟಿದ್ದಾನೆ, ಪಾದಕ್ಕೆ ಕಚ್ಚಿದೆ. "ತಂಗೀ" ಎಂದು ಕೂಗಿದ ದನಿಯಲ್ಲೇ ನನಗೆ ಗೊತ್ತಾಯಿತು. "ಏಳಡ ಅಪ್ಪಯ್ಯ, ಅಲ್ಲೇ ಇರು" ಎನ್ನುತ್ತಾ ನಾನೂ ತಮ್ಮನೂ ಓಡಿದೆವು. ಹಾವು ಇನ್ನೂ ಅಲ್ಲೇ ಸುತ್ತಿಕೊಂಡು ಮಲಗಿತ್ತು. ತಮ್ಮ ದೂರದಿಂದ ಒಂದು ಫೋಟೊ ತೆಗೆದ. ಹೊಡೆಯಲು ಹೋಗಲಿಲ್ಲ.

ನಮ್ಮ ಮನೆ ಶಿರಸಿ–ಕುಮಟಾ ರಸ್ತೆಯಲ್ಲಿ, ರಾಗಿಹೊಸಳ್ಳಿಯಿಂದ ಒಳಗೆ. ನಾನು ಮಾಡಿದ ತಪ್ಪನ್ನು ಮೊದಲೇ ಹೇಳಿಬಿಡುತ್ತೇನೆ. ನಾವು ಯಾವತ್ತೂ ತೋರಿಸುವ ಡಾಕ್ಟರಿಗೆ ಫೋನ್ ಹಚ್ಚಿದೆ. ರಿಂಗಾಗಿ ರಿಂಗಾಗಿ ನಿಂತಿತು. ಇನ್ನೊಂದು ಕ್ಲಿನಿಕ್ಕಿನಲ್ಲಿ ಯಾರೋ ಎತ್ತಿ, ಹಬ್ಬ, ನಾಳೆ ಬನ್ನಿ ಎಂದರು. ಹೀಗೆ ಹದಿನೈದು ನಿಮಿಷ ಹೋಯಿತು. ಪಕ್ಕದ ಮನೆಯ ಮಾವ ಬೇರೆ, "ಸರ್ಕಾರಿ ರಜೆ, ದೊಡ್ಡಾಸ್ಪತ್ರೆಯಲ್ಲೂ ಯಾರೂ ಇರೋದಿಲ್ಲ, ಮದ್ದು ಕೊಡುವವರ ಹತ್ತಿರ ಹೋಗೋಣ" ಎನ್ನುತ್ತಿದ್ದರು. ನಮ್ಮ ಕಡೆ ಬಹಳ ಜನ ನಂಬಿರುವುದು ಇದನ್ನೇ. ರಜೆಯ ದಿನ ಮುಚ್ಚುವುದು ಹೊರರೋಗಿ ವಿಭಾಗ. ತುರ್ತು ಚಿಕಿತ್ಸಾ ವಿಭಾಗ ಹಗಲು ರಾತ್ರಿ, ಹಬ್ಬ ಹುಣ್ಣಿಮೆ ಎನ್ನದೆ ತೆರೆದಿರುತ್ತದೆ. ಹಾವಿನ ವಿಷಕ್ಕೆ ಕೊಡುವ ಪ್ರತಿವಿಷ ಸಿಗುವುದೂ ಅಲ್ಲೇ, ಅದೂ ಉಚಿತವಾಗಿ.

ಆಯಿ 108ಕ್ಕೆ ಮಾಡಿದಳು. ನಾನು ಊರಿನ ಆರೋಗ್ಯ ಕಾರ್ಯಕರ್ತೆ ಆಶಾ ಅಕ್ಕನಿಗೆ ಫೋನ್ ಮಾಡಿ ಶಿರಸಿಯ ಪಂಡಿತ ಸಾರ್ವಜನಿಕ ಆಸ್ಪತ್ರೆಯ ನಂಬರು ಇಸಿದುಕೊಂಡೆ. ಹಬ್ಬದ ಅಡುಗೆಯ ನಡುವೆಯೂ ಆಕೆ ಫೋನ್ ಎತ್ತಿದ್ದನ್ನು ನಾನು ಮರೆಯುವುದಿಲ್ಲ. ಆಸ್ಪತ್ರೆಗೆ ಕೇಳಿದ್ದು ಇಷ್ಟು: ಡ್ಯೂಟಿ ಡಾಕ್ಟರ್ ಇದ್ದಾರಾ, ಪ್ರತಿವಿಷ ಇದೆಯಾ, ಉಸಿರಾಟಕ್ಕೆ ತೊಂದರೆಯಾದರೆ ಅಲ್ಲೇ ನೋಡುತ್ತೀರಾ, ಮುಂದೆ ಕಳಿಸುತ್ತೀರಾ? ಸಿಸ್ಟರ್ ಒಂದೊಂದಕ್ಕೂ ನೇರ ಉತ್ತರ ಕೊಟ್ಟರು. ನೋವಿನ ಮಾತ್ರೆ ಯಾವುದನ್ನೂ ಕೊಡಬೇಡಿ, ಕೆಲವು ಮಾತ್ರೆಗಳಿಂದ ರಕ್ತಸ್ರಾವ ಹೆಚ್ಚಾಗುತ್ತದೆ ಎಂದರು. ಆಯಿ ಅಷ್ಟರಲ್ಲಿ ಒಂದು ಮಾತ್ರೆ ಕೈಯಲ್ಲಿ ಹಿಡಿದು ನಿಂತಿದ್ದಳು.

ಮಾವ ಕಾಲಿಗೆ ಕಟ್ಟಲು ಟವೆಲ್ ತಂದರು. ಬೇಡವೆಂದೆ. ಮಂಡಲದ ಜಾತಿಯ ಹಾವಿನ ವಿಷ ಕಚ್ಚಿದ ಜಾಗವನ್ನೇ ಕೊಳೆಸುತ್ತದೆ, ಬಿಗಿದು ಕಟ್ಟಿದರೆ ಆ ಹಾನಿ ಹೆಚ್ಚುತ್ತದೆ. ಅದರ ಬದಲು ಎರಡು ಅಡಿಕೆ ದಬ್ಬೆಗಳನ್ನು ಕಾಲಿನ ಎರಡೂ ಬದಿಗಿಟ್ಟು, ಹಳೇ ಪಂಚೆ ಹರಿದು ಸಡಿಲವಾಗಿ ಸುತ್ತಿದೆವು. ಕಾಲು ಅಲ್ಲಾಡಬಾರದು, ರಕ್ತ ಓಡಾಡಬೇಕು, ಅಷ್ಟೇ. ಗಾಯ ಕೊಯ್ಯುವುದು, ಬಾಯಲ್ಲಿ ಹೀರುವುದು ಯಾವುದೂ ಇಲ್ಲ. ಬಾವು ಎಲ್ಲಿಯವರೆಗೆ ಬಂದಿದೆ ಎಂದು ಪೆನ್ನಿನಿಂದ ಗೆರೆ ಎಳೆದು ಪಕ್ಕದಲ್ಲಿ ಹೊತ್ತು ಬರೆದೆ. ಮುಂದೆ ದಾರಿಯಲ್ಲೂ ಎರಡು ಸಲ ಗೆರೆ ಎಳೆದೆ. ಡಾಕ್ಟರ್ ಮೊದಲು ನೋಡಿದ್ದೇ ಆ ಗೆರೆಗಳನ್ನು.

ನಮ್ಮ ಮಣ್ಣುದಾರಿಯಲ್ಲಿ ಆಂಬುಲೆನ್ಸ್ ಬರುವಂತಿರಲಿಲ್ಲ. ಅಪ್ಪಯ್ಯನನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ನಾಲ್ಕು ಜನ ಹೊತ್ತು ಮಾವನ ಜೀಪಿಗೆ ಸೇರಿಸಿದರು. ಡಾಂಬರು ರಸ್ತೆಯಲ್ಲಿ 108ರವರು ಎದುರಾದರು. ಹೊರಡುವಾಗ ಅಪ್ಪಯ್ಯನ ಮಾತ್ರೆಗಳ ಡಬ್ಬಿಯನ್ನೇ ಎತ್ತಿಕೊಂಡಿದ್ದೆ. ಅದು ಉಪಯೋಗಕ್ಕೆ ಬಂತು. ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಾರಾ ಎಂಬುದೇ ಡಾಕ್ಟರ ಮೊದಲ ಪ್ರಶ್ನೆಯಾಗಿತ್ತು.

ಒಣಗಿದ ಗಾಜಿನ ನಳಿಗೆಯಲ್ಲಿ ಸ್ವಲ್ಪ ರಕ್ತ ಹಾಕಿ, ಅಲ್ಲಾಡಿಸದೆ ಇಪ್ಪತ್ತು ನಿಮಿಷ ಇಟ್ಟರು. ಹೆಪ್ಪುಗಟ್ಟದಿದ್ದರೆ ವಿಷ ರಕ್ತಕ್ಕಿಳಿದಿದೆ ಎಂದರ್ಥ. ಆ ಇಪ್ಪತ್ತು ನಿಮಿಷ ನಾನು ಗಡಿಯಾರ ಬಿಟ್ಟು ಬೇರೇನನ್ನೂ ನೋಡಲಿಲ್ಲ. ನಳಿಗೆ ಓರೆ ಮಾಡಿದರು, ರಕ್ತ ಗಟ್ಟಿಯಾಗಿತ್ತು. ತಮ್ಮನ ಫೋಟೊ ನೋಡಿ ಗುಳಿಮಂಡಲದಂತಿದೆ ಎಂದರು. ನಮ್ಮಲ್ಲಿ ಸಿಗುವ ಪ್ರತಿವಿಷ ತಯಾರಾಗುವುದು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕರ ವಿಷಕ್ಕೆ. ಗುಳಿಮಂಡಲಕ್ಕೆ ಅದು ನಾಟುವುದಿಲ್ಲ, ಪ್ರತಿವಿಷಕ್ಕೂ ಅದರದ್ದೇ ಅಡ್ಡಪರಿಣಾಮ ಇದೆ, ಹಾಗಾಗಿ ಕಾದು ನೋಡೋಣ ಎಂದು ಬಿಡಿಸಿ ಹೇಳಿದರು. ಅದೇ ಪರೀಕ್ಷೆ ಮತ್ತೆ ಮತ್ತೆ ಮಾಡಿದರು. ಮೂತ್ರ ಎಷ್ಟು ಹೋಗುತ್ತದೆ ಎಂದು ಅಳೆದು ಬರೆಯುವ ಕೆಲಸ ನನ್ನದು, ಮೂತ್ರಪಿಂಡಕ್ಕೆ ಪೆಟ್ಟು ಬಿದ್ದರೆ ಅದರಲ್ಲೇ ಮೊದಲು ತಿಳಿಯುತ್ತದೆ. ಒಂದು ಫಾರಂ ಕೂಡ ತುಂಬಿಸಿದರು. 2024ರಿಂದ ಕರ್ನಾಟಕದಲ್ಲಿ ಹಾವು ಕಡಿತವನ್ನು ಪ್ರತಿ ಆಸ್ಪತ್ರೆಯೂ ಸರ್ಕಾರಕ್ಕೆ ವರದಿ ಮಾಡಲೇಬೇಕು.

ಮೂತ್ರಪಿಂಡಕ್ಕೆ ತೊಂದರೆಯಾದರೆ ಹುಬ್ಬಳ್ಳಿಗೆ ಹೊರಡಲು ಸಿದ್ಧವಾಗಿರಿ ಎಂದಿದ್ದರು. ಕಾರವಾರದವರಿಗೆ ಗೋವಾ, ಭಟ್ಕಳ ಹೊನ್ನಾವರದವರಿಗೆ ಮಣಿಪಾಲ, ನಮಗೆ ಹುಬ್ಬಳ್ಳಿ. ನಮ್ಮ ಉತ್ತರ ಕನ್ನಡ ಜಿಲ್ಲೆಗೆ ಒಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು ಜನ ಬೀದಿಗಿಳಿದು ಕೇಳಿದ್ದು ಸುಮ್ಮನೆ ಅಲ್ಲ. ಅಂಥ ರಾತ್ರಿಯನ್ನು ವಾರ್ಡಿನಲ್ಲಿ ಕಳೆದವರಿಗೆ ಅದು ಗೊತ್ತು.

ಬಾವು ಕಣಕಾಲು ದಾಟಲಿಲ್ಲ. ಮೂರನೇ ದಿನ ಮನೆಗೆ ಬಂದೆವು. ಆಯಿ ಗಣಪತಿಯನ್ನು ನೀರಿಗೆ ಬಿಡದೆ ಕಾದಿದ್ದಳು.

ಈಗ ಲ್ಯಾಂಡ್‌ಲೈನಿನ ಮೇಲಿನ ಗೋಡೆಗೆ ರಟ್ಟು ಅಂಟಿಸಿದ್ದೇನೆ: 108, ಆಸ್ಪತ್ರೆಯ ತುರ್ತು ವಿಭಾಗದ ನಂಬರು, ಆಶಾ ಅಕ್ಕ, ಜೀಪಿನ ಮಾವ, ಅಪ್ಪಯ್ಯನ ಮಾತ್ರೆಗಳ ಹೆಸರು. ದೀಪಾವಳಿಯ ಹಿಂದಿನ ದಿನ ಆ ನಂಬರುಗಳಿಗೆಲ್ಲ ಒಮ್ಮೆ ಮಾಡಿ ನೋಡಿದೆ. ಒಂದು ಬದಲಾಗಿತ್ತು, ತಿದ್ದಿ ಬರೆದೆ.