ಬೆಳಗಾವಿಯ ಮಳೆಯಲ್ಲಿ ಬಾವುಟ ಕಟ್ಟುವುದು: ನನ್ನ ಅನುಭವ

ಬೆಳಗಾವಿಯ ಒಂದು ಪ್ರೌಢಶಾಲೆಯಲ್ಲಿ ನಾನು ಪಿ.ಟಿ. ಮಾಸ್ತರ. ಬಾವುಟದ ಕೆಲಸ ಎಲ್ಲ ಶಾಲೆಯಲ್ಲೂ ಪಿ.ಟಿ. ಮಾಸ್ತರನ ಕೊರಳಿಗೇ ಬೀಳುತ್ತದೆ. ನಮ್ಮ ಬಡಾವಣೆಯ ಸಂಘದವರೂ ‘ಸರ, ನೀವೇ ನೋಡಿಕೊಳ್ರಿ’ ಎಂದು ಕಂಬದ ಬೀಗದ ಕೈ ಕೊಟ್ಟುಬಿಟ್ಟಿದ್ದಾರೆ. ನನ್ನ ಪ್ರಕಾರ ಧ್ವಜ ಸಂಹಿತೆ, ಅಂದರೆ ರಾಷ್ಟ್ರಧ್ವಜ ಬಳಸುವ ನಿಯಮಗಳನ್ನು, ಪಾಲಿಸುವ ಕೆಲಸ ಮುಕ್ಕಾಲು ಭಾಗ ಹಿಂದಿನ ದಿನವೇ ಮುಗಿಯಬೇಕು. ಅತಿಥಿಗಳು ಬಂದು ನಿಂತ ಮೇಲೆ ಪುಸ್ತಕ ತೆರೆದರೆ ಏನೂ ಪ್ರಯೋಜನವಿಲ್ಲ.

ಮೊದಲು ಖರೀದಿ. ಧ್ವಜದ ಉದ್ದ ಮತ್ತು ಎತ್ತರ 3:2 ಇರಬೇಕು. ಒಟ್ಟು ಒಂಬತ್ತು ಅಳತೆಗಳಿವೆ. ದೊಡ್ಡದು 6300×4200 ಮಿಲಿಮೀಟರ್, ಚಿಕ್ಕದು ಮೇಜಿನ ಮೇಲಿಡುವ 150×100. ಶಾಲೆಯ ಕಂಬಕ್ಕೆ ನಾನು 1350×900 ತರುತ್ತೇನೆ. ಅದಕ್ಕಿಂತ ದೊಡ್ಡದು ನೋಡಲು ಚೆಂದ, ಆದರೆ ನಮ್ಮೂರಿನ ಆಗಸ್ಟ್ ಗಾಳಿಗೆ ಸಣ್ಣ ಕಂಬ ತೂಗಾಡುತ್ತದೆ. ಕೋಟೆ ಕೆರೆಯ ದಂಡೆಯಲ್ಲಿ 2018ರಲ್ಲಿ ನಿಂತ 110 ಮೀಟರ್ ಕಂಬ ನೋಡಿದವರೆಲ್ಲ ‘ನಮಗೂ ದೊಡ್ಡದು ಬೇಕ್ರೀ’ ಅನ್ನುತ್ತಾರೆ. ಅಂಥ ಕಂಬದ ಲೆಕ್ಕವೇ ಬೇರೆ, ಅಲ್ವಾ?

ಬಟ್ಟೆಯ ವಿಷಯದಲ್ಲಿ ನಾನು ಸ್ವಲ್ಪ ಹಟಮಾರಿ. 2021ರ ಡಿಸೆಂಬರ್ ತಿದ್ದುಪಡಿಯ ನಂತರ ಪಾಲಿಸ್ಟರ್ ಧ್ವಜಕ್ಕೂ, ಯಂತ್ರದಲ್ಲಿ ಮಾಡಿದ್ದಕ್ಕೂ ಅನುಮತಿ ಇದೆ. ಆದರೂ ಶಾಲೆಗೆ ಖಾದಿಯೇ ತರುತ್ತೇನೆ. ಹುಬ್ಬಳ್ಳಿಯ ಬೆಂಗೇರಿಯಲ್ಲಿ ಧ್ವಜ ಸಿದ್ಧವಾಗುತ್ತದೆ. ಅದರ ಬಟ್ಟೆ ನೇಯುವುದು ಬಾಗಲಕೋಟೆ ಪಕ್ಕದ ತುಳಸಿಗೇರಿಯಲ್ಲಿ. ಇಷ್ಟು ಹತ್ತಿರ ಇಟ್ಟುಕೊಂಡು ಎಲ್ಲಿಂದಲೋ ಯಾಕೆ ತರಬೇಕು? ಪೇಟೆಯಲ್ಲಿ ಸಿಗುವ ಅಗ್ಗದ ಬಾವುಟ ಕೊಳ್ಳುವುದಾದರೆ ಟೇಪ್ ಹಿಡಿದು ಅಳೆಯಿರಿ. ಎಷ್ಟೋ ಬಾವುಟಗಳಲ್ಲಿ ಚಕ್ರ ಮೊಟ್ಟೆಯಾಕಾರ ಆಗಿರುತ್ತದೆ. ಅರಗಳು 24 ಇವೆಯಾ ಎಂದು ಎಣಿಸಿ. ಚಕ್ರ ಎರಡೂ ಬದಿಗೆ ಕಾಣಬೇಕು.

ಹಗ್ಗಕ್ಕೆ ಬರೋಣ. ಮಳೆಗಾಲದಲ್ಲಿ ಹತ್ತಿ ಹಗ್ಗ ಉಬ್ಬಿ ರಾಟೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಹಾಗಾಗಿ ನೈಲಾನ್ ಹಾಕಿದ್ದೇನೆ. ಆಗಸ್ಟ್ 14ರ ಸಂಜೆ ರಾಟೆಗೆ ಎಣ್ಣೆ ಬಿಟ್ಟು, ಹಗ್ಗಕ್ಕೆ ಒಂದು ಹಳೇ ಟವೆಲ್ ಕಟ್ಟಿ ಮೇಲೆ ಕೆಳಗೆ ಓಡಿಸಿ ನೋಡುತ್ತೇನೆ. ಕೇಸರಿ ಕಡೆ ಬರುವ ತುದಿಗೆ ಕೆಂಪು ದಾರ ಸುತ್ತಿದ್ದೇನೆ. ಬೆಳಗಿನ ಗಡಿಬಿಡಿಯಲ್ಲಿ ಯಾರು ಕಟ್ಟಿದರೂ ತಲೆಕೆಳಗಾಗುವುದಿಲ್ಲ. ಮಡಿಕೆಯೊಳಗೆ ಹೂವಿನ ಎಸಳು ಹಾಕಲು ಸಂಹಿತೆಯಲ್ಲಿ ಅವಕಾಶ ಇದೆ. ಒಣಗಿದ ಎಸಳು ಒಂದು ಹಿಡಿ ಸಾಕು. ಜಾಸ್ತಿ ತುಂಬಿದರೆ, ಅದೂ ಒದ್ದೆ ಚೆಂಡುಹೂವಾದರೆ, ಎಳೆದಾಗ ಗಂಟು ಬಿಚ್ಚುವುದೇ ಇಲ್ಲ. ಗಂಟು ಜಾರುಗಂಟೇ ಇರಬೇಕು. ಎರಡು ಸಲ ಬಿಗಿದರೆ ಮುಗಿಯಿತು, ಮುಖ್ಯ ಅತಿಥಿ ಜೋತುಬಿದ್ದರೂ ಬಿಚ್ಚುವುದಿಲ್ಲ.

ಆಗಸ್ಟ್ 15ಕ್ಕೆ ನಮ್ಮಲ್ಲಿ ಜಿಟಿಜಿಟಿ ಮಳೆ ಇದ್ದದ್ದೇ. ಖಾದಿ ನೀರು ಕುಡಿದರೆ ಭಾರವಾಗಿ ಕಂಬಕ್ಕೆ ಅಂಟಿಕೊಳ್ಳುತ್ತದೆ. ಅದಕ್ಕೆ ಮಡಿಸಿದ ಧ್ವಜವನ್ನು ಕೊನೇ ಗಳಿಗೆಯಲ್ಲಿ ಮೇಲೇರಿಸುತ್ತೇವೆ. ಏರಿಸುವಾಗ ಚುರುಕಾಗಿ, ಇಳಿಸುವಾಗ ನಿಧಾನವಾಗಿ. ಇಳಿಸಿದ ಮೇಲೆ ಕೋಣೆಯೊಳಗೆ ಹಗ್ಗ ಕಟ್ಟಿ ನೆರಳಲ್ಲಿ ಒಣಗಿಸುತ್ತೇವೆ. ಒದ್ದೆಯಲ್ಲೇ ಮಡಿಸಿಟ್ಟರೆ ಬೂಸ್ಟು ಹಿಡಿದು ಬಿಳಿ ಪಟ್ಟಿ ಹಾಳು. ಹುಡುಗರು ಮೇಜಿನ ಮೇಲೆ ಹರವಲು ಹೋಗುತ್ತಾರೆ. ಮೇಜಿಗೆ ಹೊದಿಕೆ ಆಗಬಾರದು, ನೆಲಕ್ಕೂ ತಾಗಬಾರದು ಎಂದು ಆಗಲೇ ಹೇಳಿಕೊಡುತ್ತೇನೆ. ತರಗತಿಯಲ್ಲಿ ಬಾಯಿಪಾಠ ಮಾಡಿಸುವುದಕ್ಕಿಂತ ಇದು ಚೆನ್ನಾಗಿ ನೆನಪಿರುತ್ತದೆ.

2022ರ ಜುಲೈನಿಂದ ಸಾರ್ವಜನಿಕರು ಮನೆ ಮೇಲೆ ಅಥವಾ ಬಯಲಲ್ಲಿ ಹಗಲೂ ರಾತ್ರಿ ಧ್ವಜ ಹಾರಿಸಬಹುದು. ಬಡಾವಣೆಯಲ್ಲಿ ಇದೇ ದೊಡ್ಡ ತಲೆನೋವು. ಹಾರಿಸಿದವರು ಇಳಿಸುವುದನ್ನೇ ಮರೆಯುತ್ತಾರೆ. ಹರಿದ, ಬಣ್ಣ ಹೋದ ಧ್ವಜ ಹಾರಿಸುವಂತಿಲ್ಲ ಎಂಬ ನಿಯಮ ಹಾಗೇ ಇದೆ. ನಾನು ಸುಮ್ನೆ ಹೋಗಿ ಬಾಗಿಲು ತಟ್ಟುತ್ತೇನೆ. ‘ಕಾಕಾ, ಅಂಚು ಹರಿದೈತಿ, ನಾನ ಇಳಸ್ಕೊಂಡ ಹೋಗ್ತೀನ್ರಿ’ ಎಂದರೆ ಯಾರೂ ಬೇಡ ಅನ್ನುವುದಿಲ್ಲ.

ನವೆಂಬರ್ 1 ಬಂದರೆ ಬೇರೆಯೇ ಕೆಲಸ. ಬೆಳಗಾವಿಯ ರಾಜ್ಯೋತ್ಸವ ಗೊತ್ತಲ್ಲ, ಚೆನ್ನಮ್ಮ ವೃತ್ತದ ಸುತ್ತ ಊರಿಗೆ ಊರೇ ಹಳದಿ ಕೆಂಪು. ಈ ಕನ್ನಡ ಬಾವುಟ 1960ರ ದಶಕದಲ್ಲಿ ಕನ್ನಡ ಹೋರಾಟಗಾರ ಮ. ರಾಮಮೂರ್ತಿಯವರ ಚಳವಳಿಯಿಂದ ಬಂದದ್ದು. 2018ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ನಡುವೆ ಬಿಳಿ ಪಟ್ಟಿ, ಅದರಲ್ಲಿ ರಾಜ್ಯ ಲಾಂಛನ ಇರುವ ವಿನ್ಯಾಸ ತೋರಿಸಿತು. ಅದಕ್ಕೆ ಕೇಂದ್ರದ ಒಪ್ಪಿಗೆ ಸಿಕ್ಕಿಲ್ಲ. ಅಂದರೆ ಎರಡು ಬಣ್ಣದ್ದಕ್ಕೆ ಇಷ್ಟೇ ಅಳತೆ, ಹೀಗೇ ಕಟ್ಟಬೇಕು ಎಂಬ ಕಾನೂನು ಇಲ್ಲ. ಹಳದಿ ಮೇಲೆ, ಕೆಂಪು ಕೆಳಗೆ, ಅಷ್ಟು ಎಲ್ಲರಿಗೂ ಗೊತ್ತು.

ಪ್ರತಿ ವರ್ಷ ಯಾರಾದರೊಬ್ಬ ಹುಡುಗ ಕೇಳುತ್ತಾನೆ: ‘ಸರ, ಎರಡೂ ಒಂದ ಕಂಬಕ್ಕ ಕಟ್ಟೋಣೇನ್ರಿ?’ ಕಟ್ಟುವಂತಿಲ್ಲ. ರಾಷ್ಟ್ರಧ್ವಜದ ಕಂಬದಲ್ಲಿ ಬೇರೆ ಬಾವುಟ ಇರಬಾರದು. ಅದಕ್ಕಿಂತ ಎತ್ತರದಲ್ಲೂ, ಸರಿಸಮನಾಗಿ ಪಕ್ಕದಲ್ಲೂ ಇನ್ನೊಂದು ಬರಬಾರದು. ಹಾಗಾಗಿ ನಾವು ಕನ್ನಡ ಬಾವುಟಕ್ಕೆ ಗಿಡ್ಡ ಕಂಬ ಮಾಡಿಸಿ ಮೈದಾನದ ಆ ತುದಿಯಲ್ಲಿ, ಭುವನೇಶ್ವರಿ ಫೋಟೋ ಇಡುವ ಪೆಂಡಾಲ್ ಪಕ್ಕ ನಿಲ್ಲಿಸಿದ್ದೇವೆ. ಮೊದಲು ರಾಷ್ಟ್ರಧ್ವಜ, ರಾಷ್ಟ್ರಗೀತೆ. ಆಮೇಲೆ ಎಲ್ಲರೂ ಆ ತುದಿಗೆ ನಡೆದು ಹೋಗಿ ಕನ್ನಡ ಬಾವುಟ ಏರಿಸಿ ನಾಡಗೀತೆ ಹಾಡುತ್ತೇವೆ. ಈ ನಡಿಗೆ ಮಕ್ಕಳಿಗೆ ಬಹಳ ಇಷ್ಟ, ಮೆರವಣಿಗೆ ಹೋದ ಹಾಗೆ ಆಗುತ್ತದೆ. ‘ನಮ್ಮ ಬಾವುಟ ಯಾಕ ಗಿಡ್ಡ?’ ಎಂದು ಮುನಿಸಿಕೊಂಡ ಹಿರಿಯರೂ ಇದ್ದಾರೆ. ಅವರನ್ನೇ ಅದರ ಹಗ್ಗ ಎಳೆಯಲು ಕರೆಯುತ್ತೇನೆ.

ಇಳಿಸಿ ತಂದ ಹಳೇ ಧ್ವಜಗಳನ್ನು ಒಂದು ಟ್ರಂಕಿನಲ್ಲಿ ಕೂಡಿಡುತ್ತೇನೆ. ಕತ್ತರಿಸದೆ, ಇಡಿಯಾಗಿ, ಖಾಸಗಿಯಾಗಿ ಸುಡುವುದು ಸಂಹಿತೆ ಹೇಳುವ ಮೊದಲ ದಾರಿ. ಗೌರವಕ್ಕೆ ಕುಂದು ಬಾರದ ಬೇರೆ ವಿಧಾನವೂ ಆಗುತ್ತದೆ. ಖಾದಿ ಸುಟ್ಟರೆ ಬೂದಿಯಾಗುತ್ತದೆ. ಪಾಲಿಸ್ಟರ್ ಕರಗಿ ಕಪ್ಪು ಮುದ್ದೆಯಾಗಿ ನಾರುತ್ತದೆ. ಅದಕ್ಕೆ ಅವನ್ನು ಮಡಿಸಿ, ಬಿಳಿ ಬಟ್ಟೆಯಲ್ಲಿ ಸುತ್ತಿ, ಶಾಲೆಯ ಹಿಂದಿನ ತೋಟದಲ್ಲಿ ಆಳವಾಗಿ ಹೂಳುತ್ತೇವೆ. ಅಗೆಯುವ ಕೆಲಸಕ್ಕೆ ಹತ್ತನೇ ತರಗತಿಯ ಇಬ್ಬರು ಹುಡುಗರು, ನಾನು, ಅಷ್ಟೇ ಜನ.